ಗೈರುಹಾಜರಾದವನ ಪಕ್ಷ

ಐಗಳಿ, ಅಥಣಿ ತಾಲೂಕು
೯ ಮಾರ್ಚ್ ೨೦೨೫, ರವಿವಾರ

ಭಾಗ್ಯಾ,

ನಿನಗೆ ಒಳ್ಳೆಯದಾಗಲಿ ಎಂಬ ಮಾತನ್ನು ಮೊದಲ ಸಾಲಿನಲ್ಲಿಯೇ ಬರೆದಿಡುತ್ತೇನೆ. ಮುಂದಿನ ಪುಟಗಳಲ್ಲಿ ನನ್ನ ಸಿಟ್ಟು ಮುಂದಾಗಿ, ಈ ಹಾರೈಕೆ ಹಿಂದುಳಿಯುವ ಸಂಭವವಿದೆ. ಮನೆಯಲ್ಲಿ ನಿನ್ನ ಕಾಕು ರುಕ್ಮವ್ವ ಆರೋಗ್ಯದಿಂದಿದ್ದಾಳೆ. ವಿಶಾಲ ದ್ರಾಕ್ಷಿ ಕಟಾವಿನಲ್ಲಿದ್ದಾನೆ. ಅಣ್ಣ ಭರತನ ವಿಷಯ ಬಂದರೆ ಏನೋ ಕೆಲಸ ನೆನಪಾದವನಂತೆ ಎದ್ದು ತೋಟಕ್ಕೆ ಹೋಗಿಬಿಡುತ್ತಾನೆ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನಲ್ಲಿ ಹಣ್ಣು ಹರವಿದ ಬಲೆಗಳು ಮೇಲಿಂದ ಕೆಳಗಿನವರೆಗೆ ತುಂಬಿವೆ. ಕುಶಲದ ಮಾತು ಇಷ್ಟು ಸಾಕು.

ನೀನು ಕಳಿಸಿದ ಲಕೋಟೆ ತಲುಪಿತು. ಲೇಖನದ ಕರಡು, ನಿನ್ನ ಪತ್ರ, ನಾನು ಸಹಿ ಹಾಕಬೇಕಾದ ಒಪ್ಪಿಗೆಯ ಹಾಳೆ, ಮೂರನ್ನೂ ನೋಡಿದೆ. ಹಾಳೆಯನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ. ಕಾರಣ ಹೇಳದೆ ನಿರಾಕರಿಸುವುದು ನನ್ನ ರೀತಿಯಲ್ಲ, ಆದ್ದರಿಂದ ಈ ಪತ್ರ.

ನಾನು ತಿಳಿದುಕೊಂಡಂತೆ ಸಂಗತಿ ಹೀಗಿದೆ. ಗುಜರಾತಿನ ಪ್ರಯೋಗಾಲಯದಲ್ಲಿ ನೀನೂ ನನ್ನ ಮಗ ಭರತನೂ ಒಂದೇ ಪ್ರಯೋಗದ ಮೇಲೆ ದುಡಿದಿರಿ. ಅದರ ಫಲಿತಾಂಶ ಹೀಗೆ ಎಂದು ಅವನು ಹೇಳಿದ. ಹಾಗಲ್ಲ ಎಂದು ನೀನು ಹೇಳಿದೆ. ಆ ವಾದ ಮುಗಿಯುವ ಮೊದಲೇ, ಹೋದ ವರ್ಷ ಸಂಕ್ರಮಣಕ್ಕೆ ಊರಿಗೆ ಬರುತ್ತಿದ್ದ ಭರತ ಕುಡಚಿಯಲ್ಲಿ ರೈಲು ಇಳಿದು, ಗೆಳೆಯನ ಮೋಟಾರ್ ಸೈಕಲ್ ಹತ್ತಿ, ಉಗಾರದ ಈಚೆಗೆ ಟಾಯರ್ ಒಡೆದು ರಸ್ತೆಯಲ್ಲೇ ನಿಂತಿದ್ದ ದೀಪವಿಲ್ಲದ ಕಬ್ಬಿನ ಟ್ರಾಲಿಯವರೆಗೆ ಬಂದ. ಅಲ್ಲಿಂದ ಮುಂದೆ ಬರಲಿಲ್ಲ. ನೀನು ಕೆಲಸ ಮುಂದುವರಿಸಿದೆ. ನಿನ್ನ ಮಾತೇ ಸರಿ ಎಂದು ನಿನಗೆ ಖಚಿತವಾಯಿತು. ಈಗ ಲೇಖನ ಅಚ್ಚಿಗೆ ಹೋಗಬೇಕು. ಮೊದಲ ಹೆಸರು ಭರತನದು, ಎರಡನೆಯದು ನಿನ್ನದು, ಕೊನೆಯದು ನಿಮ್ಮ ಮಾರ್ಗದರ್ಶಕರದು. ಮೊದಲ ಲೇಖಕ ಬದುಕಿಲ್ಲದ ಕಾರಣ ಪತ್ರಿಕೆಯವರಿಗೆ ಮನೆಯವರ ಒಪ್ಪಿಗೆ ಬೇಕು.

ನಿನ್ನ ಪತ್ರದಲ್ಲಿ ಒಂದು ವಾಕ್ಯವಿದೆ: "ಅವನಿದ್ದಿದ್ದರೆ ಅವನೂ ಒಪ್ಪುತ್ತಿದ್ದ, ಕಾಕಾ." ನನ್ನ ತಕರಾರು ಇರುವುದು ಈ ವಾಕ್ಯದ ಮೇಲೆಯೇ.

ತಿಳಿಯದ ವಿಷಯದ ಮೇಲೆ ನಾನು ವಾದಕ್ಕೆ ನಿಂತವನಲ್ಲ. ನಿನ್ನ ಕರಡು ಬಂದ ಮೇಲೆ ನಾನು ಚಿಕ್ಕೋಡಿಗೆ ಹೋಗತೊಡಗಿದೆ. ಭರತನೊಂದಿಗೆ ಓದಿದ ಗೆಳೆಯ ಸಮಾಧಾನ ಅಲ್ಲಿಯ ಕಾಲೇಜಿನಲ್ಲಿ ಭೌತವಿಜ್ಞಾನದ ಉಪನ್ಯಾಸಕನಾಗಿದ್ದಾನೆ, ನಿನಗೂ ಗೊತ್ತಿರುವವನೇ. ಮೊದಲ ದಿನ ಅವನು ನನಗಾಗಿ ಕುರ್ಚಿ ತರಿಸಿದ. ನಾನು ಬೇಡವೆಂದು ವಿದ್ಯಾರ್ಥಿಗಳ ಬೆಂಚಿನ ಮೇಲೆಯೇ ಕುಳಿತೆ. ಅವನು ಫಲಕದ ಮೇಲೆ ಒಂದು ಬಳೆಯನ್ನು ಬರೆಯುವಷ್ಟರಲ್ಲಿ ನಾನು ಎದ್ದು ಪ್ರಶ್ನೆ ಕೇಳಿದೆ. ಉತ್ತರಿಸುವಷ್ಟರಲ್ಲಿ ಇನ್ನೊಂದು. ಹಿಂದಿನ ಬೆಂಚಿನ ಹುಡುಗಿಯರು ನಗತೊಡಗಿದರು. ಸಮಾಧಾನ ಸೀಮೆಸುಣ್ಣ ಕೆಳಗಿಟ್ಟು, "ಕಾಕಾ, ನೀವು ಕಲಿಯಾಕ ಬಂದೀರೋ, ಜಗಳಾ ತಗ್ಯಾಕ ಬಂದೀರೋ?" ಎಂದ. ಎರಡಕ್ಕೂ ಬಂದಿದ್ದೇನೆ ಎಂದೆ. "ಹಂಗಾರ ಮೊದಲ ಕಲೀರಿ. ಜಗಳಾ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದು ಬಳೆಯನ್ನು ಪೂರ್ತಿ ಮಾಡಿದ.

ಆದ್ದರಿಂದ ಈಗ ನನಗೆ ತಿಳಿದಿರುವುದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಬಳೆಯಾಕಾರದ ಪಾತ್ರೆ. ಅದರೊಳಗೆ ಹೈಡ್ರೋಜನ್. ಕಾಯಿಸಿ ಕಾಯಿಸಿ ಅದು ಅನಿಲವಾಗಿ ಉಳಿಯದೆ ಪ್ಲಾಸ್ಮಾ ಆಗುತ್ತದೆ. ಆ ಬಿಸಿಯನ್ನು ಯಾವ ಗೋಡೆಯೂ ತಡೆಯಲಾರದ್ದರಿಂದ, ಗೋಡೆಗೆ ತಾಗದಂತೆ ಅಯಸ್ಕಾಂತದ ಬಲದಿಂದ ಹಿಡಿದಿಡುತ್ತಾರೆ. ಎಷ್ಟು ಹಿಡಿದರೂ ಗೋಡೆಯ ಚೂರುಪಾರು ಕಳಚಿ ಒಳಗೆ ಸೇರುತ್ತದೆ. ಅದೇ ಕಲ್ಮಶ. ಅದು ಹೊರಬದಿಯಲ್ಲಿ ಸುತ್ತಾಡಿಕೊಂಡಿದ್ದರೆ ಹೆಚ್ಚಿನ ತೊಂದರೆಯಿಲ್ಲ. ನಡುವಿಗೆ ಹೊಕ್ಕು ಕುಳಿತರೆ ಬಿಸಿಯನ್ನೆಲ್ಲ ಬೆಳಕಾಗಿ ಹೊರಗೆ ಚೆಲ್ಲಿ ಬೆಂಕಿಯನ್ನೇ ಆರಿಸುತ್ತದೆ. ನಡುವಿನಲ್ಲಿ ಹೈಡ್ರೋಜನ್ ದಟ್ಟವಾಗಿರುವುದು ಕಲ್ಮಶವನ್ನು ಒಳಗೆ ಎಳೆಯುತ್ತದೆ. ನಡುವಿನ ಬಿಸಿ ಅಂಚಿನ ಬಿಸಿಗಿಂತ ಬಹಳ ಹೆಚ್ಚಿದ್ದರೆ ಅದೇ ಬಿಸಿಯ ಇಳಿಜಾರು ಅದನ್ನು ಹೊರಗೆ ತಳ್ಳುತ್ತದೆ. ನಿಮ್ಮ ಯಂತ್ರದಲ್ಲಿ ಎಳೆತ ಗೆಲ್ಲುತ್ತದೆಯೋ ತಳ್ಳಾಟ ಗೆಲ್ಲುತ್ತದೆಯೋ ಎಂಬುದು ಪ್ರಶ್ನೆ. ಅದನ್ನು ತಿಳಿಯಲು ನೀವು ಬೇಕೆಂದೇ ಒಂದು ಚಿಟಿಕೆ ಆರ್ಗಾನ್ ಒಳಗೆ ಬಿಟ್ಟು, ಕಿಟಕಿಯಿಂದ ಅದರ ಬೆಳಕನ್ನು ಅಳೆದಿರಿ. ಆರ್ಗಾನ್ ಒಳಗೆ ಹೋಗಿ ನಿಂತಿತು ಎಂದು ಭರತ. ಹೊರಗೆ ಬಂತು ಎಂದು ನೀನು.

ಸಮಾಧಾನ ಈ ಪಾಠವನ್ನು ಮುಗಿಸಿದ ಸಂಜೆ, ಬಸ್ಸು ಇಳಿದ ನನ್ನನ್ನು ನೆರೆಹೊಲದ ಭೀಮಸಿ ತಡೆದು ನಿಲ್ಲಿಸಿದ. "ಅಲ್ರೀ ವಿರುಪಾಕ್ಷಣ್ಣಾ, ನಿಮ್ಮ ಭರತ ಸೂರ್ಯಾನ ಡಬ್ಬ್ಯಾಗ ಹಾಕಿ ಅದರಾಗಿನ ಕಸಾ ತಗೀತಿದ್ನಂತ, ಹೌದೇನ್ರಿ?" ಎಂದ. ತೆಗೆಯುತ್ತಿರಲಿಲ್ಲ, ಆ ಕಸ ಎತ್ತ ಹೋಗುತ್ತದೆ ಎಂದು ನೋಡುತ್ತಿದ್ದ ಎಂದೆ. "ಬರೇ ನೋಡಾಕ ಪಗಾರಾ?" ಹೌದು, ಬರೇ ನೋಡುವುದಕ್ಕೆ ಎಂದೆ. ಅವನು, "ಹಂಗಾರ ಭಾಳ ಬಿರಿ ಕೆಲಸ ಇರಬೇಕು ಬಿಡ್ರಿ. ಸಲೀಸ ಇದ್ರ ನೋಡಾಕ ಯಾರ ಕೊಡ್ತಾರ ರೊಕ್ಕ" ಎಂದು ಹೋದ. ಮಗನ ಕೆಲಸದ ಬಗ್ಗೆ ಈ ಊರಿನಲ್ಲಿ ನಾನು ಕೇಳಿದ ಅತ್ಯುತ್ತಮ ಅಭಿಪ್ರಾಯ ಅದು. ವರ್ಷಾಂತಿಕದ ದಿನ ಮಾತನಾಡಲು ಬಂದಿದ್ದ ದೊಡ್ಡವರೊಬ್ಬರು, ಮಗನ ನೆನಪು ತಂದೆತಾಯಿಯ ಒಡಲಿನಲ್ಲಿ ಆ ಕಲ್ಮಶದಂತೆಯೇ ಕುಳಿತುಬಿಟ್ಟಿದೆ ಎಂದು ಹೋಲಿಕೆ ಕೊಟ್ಟರು. ನಾನು ನಡುವೆಯೇ ಎದ್ದು ಅವರನ್ನು ಕೂಡ್ರಿಸಿದೆ. ಭರತನ ಪ್ರಯೋಗವನ್ನು ನನ್ನ ದುಃಖದ ಅಲಂಕಾರಕ್ಕೆ ಬಳಸಲು ನಾನು ಯಾರಿಗೂ ಬಿಟ್ಟಿಲ್ಲ. ನನಗೂ ಬಿಟ್ಟುಕೊಂಡಿಲ್ಲ. ಅವನ ಕೆಲಸ ಆರ್ಗಾನ್ ಕುರಿತಾದದ್ದು. ನಾವೂ ಆರ್ಗಾನ್ ಕುರಿತಾಗಿಯೇ ಮಾತನಾಡೋಣ.

ನೀವಿಬ್ಬರೂ ನಮ್ಮ ಮನೆಯಲ್ಲಿ ಜಗಳವಾಡಿದ ದಿನ ನಿನಗೆ ನೆನಪಿರಬೇಕು. ಎರಡು ವರ್ಷದ ಹಿಂದೆ ಇದೇ ಕಟಾವಿನ ಕಾಲ. ನೀನು ರಾಯಬಾಗದಿಂದ ನಿನ್ನ ತಂದೆಯೊಂದಿಗೆ ಬಂದಿದ್ದೆ. ಶೆಡ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಕಾಕಾ, ಇಲ್ಲಿಂದ ಒಳಗ ನೋಡ್ರಿ. ನಡುವಿನ ಬಲಿ ಕಾಣ್ತೈತೋ, ಮುಂದಿನ ಬಲಿ ಕಾಣ್ತೈತೋ?" ಎಂದು ಕೇಳಿದೆ. ಎಲ್ಲ ಬಲೆಗಳೂ ಒಂದರ ಮೇಲೊಂದು ಬಿದ್ದು ಕಾಣುತ್ತಿವೆ ಎಂದೆ ನಾನು. "ಕೇಳಿದೇನ ಭರತ? ನೀನೂ ಬಾಗಿಲಾಗ ನಿಂತಿ. ನಡು ಅಂತ ನೀ ಅನ್ನೂದರಾಗ ಆಚಿ ದಂಡಿ ಈಚಿ ದಂಡಿ ಎರಡೂ ಕೂಡ್ಯಾವ" ಎಂದೆ ನೀನು. ಅವನು ಬಾಯಲ್ಲಿದ್ದ ದ್ರಾಕ್ಷಿಯನ್ನು ನುಂಗಿ, "ಅದನ್ನ ಕಳದ ಲೆಕ್ಕಾ ಹಾಕೀನಿ. ಈಚಿ ದಂಡಿ ಬೆಳಕ ಅಳದು, ಅಷ್ಟs ಆಚಿಗೂ ಅಂತ ಹಿಡದು, ಎರಡೂ ತಗದೀನಿ. ಉಳದದ್ದು ನಡುವಿಂದು" ಎಂದ. "ಅಷ್ಟs ಅಂತ ನಿನಗ ಯಾರ ಹೇಳಿದ್ರು?" "ಗುಂಡಾದ ವಸ್ತು ಎಲ್ಲಾ ಕಡೆ ಒಂದs ಇರತೈತಿ." "ನಿನ್ನ ತಲಿನೂ ಗುಂಡ ಐತಿ. ಒಂದs ಕಡೆ ಕೆಲಸ ಮಾಡತೈತಿ" ಎಂದೆ ನೀನು. ನಿನ್ನ ತಂದೆ ಜ್ಞಾನದೇವ ಅವರು ಸಂಕೋಚದಿಂದ ನಿನ್ನನ್ನು ಗದರಿದರು. ನಾನು ಅವರಿಗೆ, ನಡುವೆ ಬಾಯಿ ಹಾಕಬೇಡಿರಿ, ಚರ್ಚೆ ಈಗ ಏರಿದೆ ಎಂದು ಹೇಳಿದೆ. ಇಬ್ಬರಿಗೂ ಸಮಯ ಕೊಟ್ಟು ಮತ್ತೊಮ್ಮೆ ಮಾತನಾಡಿಸಿದೆ. ತೀರ್ಪು ಕೊಡಲಿಲ್ಲ. ಅಂದಿನಿಂದ ಫೋನು ಮಾಡಿದಾಗಲೆಲ್ಲ ನಾನು ಅವನಿಗೆ ಕೇಳುತ್ತಿದ್ದುದು ಒಂದೇ: ಆ ಹುಡುಗಿಗೆ ಉತ್ತರ ಕೊಟ್ಟೆಯಾ? ಅವನು ಪ್ರತಿ ಸಲವೂ ಒಂದು ಹೊಸ ಉತ್ತರ ಹೇಳುತ್ತಿದ್ದ. ಕಾಲೇಜಿನ ದಿನಗಳ ನಂತರ ನನಗೆ ಅಷ್ಟು ಸಂತೋಷ ಕೊಟ್ಟ ಮಾತುಕತೆ ಬೇರೆ ಇರಲಿಲ್ಲ.

ಈಗ ನಿನ್ನ ಲೇಖನದ ನಾಲ್ಕನೆಯ ಪುಟ. ಆರ್ಗಾನ್ ಬಿಡುವ ನಳಿಗೆ ಭರತನ ಕಿಟಕಿಗೆ ಎದುರು ಬದಿಯಲ್ಲಿದೆ. ಆದ್ದರಿಂದ ಆಚೆಯ ಅಂಚು ಈಚೆಯ ಅಂಚಿಗಿಂತ ಹೆಚ್ಚು ಬೆಳಗುತ್ತದೆ. ಎರಡೂ ಸಮ ಎಂದು ಹಿಡಿದು ಕಳೆದರೆ ಆಚೆಯ ಅಂಚಿನ ಬೆಳಕು ಪೂರ್ತಿ ಹೋಗದೆ, ನಡುವಿನ ಬೆಳಕಿನ ವೇಷದಲ್ಲಿ ಉಳಿಯುತ್ತದೆ ಎಂದು ಬರೆದಿದ್ದೀಯೆ. ಇದಕ್ಕೆ ಆಧಾರವಾಗಿ ಎದುರು ಬದಿಯಲ್ಲಿ ಎರಡನೆಯ ಕಿಟಕಿ ಇಟ್ಟು ಅಳೆದ ಚಿತ್ರಗಳನ್ನು ಕೊಟ್ಟಿದ್ದೀಯೆ. ಸಮಾಧಾನ ಅವುಗಳನ್ನು ಬಹಳ ಹೊತ್ತು ನೋಡಿದ. "ಕಾಕಾ, ಭಾಗ್ಯಾ ಗಟ್ಟಿ ಹಿಡದಾಳ" ಎಂದ. ನಾನು ಮುಖ ತಿರುಗಿಸಿದ್ದನ್ನು ಕಂಡು, "ಸುಳ್ಳ ಹೇಳಂದ್ರ ಹೇಳ್ತೀನಿ. ಆದ್ರ ನೀವು ಅದಕ್ಕೂ ಬೈತೀರಿ" ಎಂದ.

ಹೀಗಿದ್ದರೂ ಭರತನ ಪಕ್ಷದಿಂದ ಹೇಳಬೇಕಾದದ್ದನ್ನು ಹೇಳುತ್ತೇನೆ, ಏಕೆಂದರೆ ಹೇಳುವವರು ಇನ್ನಾರೂ ಇಲ್ಲ. ಅವನು ಕೆಲಸ ಮಾಡಿದಾಗ ಆ ಯಂತ್ರಕ್ಕೆ ಒಂದೇ ಕಿಟಕಿ ಇತ್ತು. ಎರಡನೆಯದನ್ನು ನೀವು ತೆರೆದದ್ದು ಅವನು ತೀರಿಹೋಗಿ ಎಂಟು ತಿಂಗಳಾದ ಮೇಲೆ. ತನ್ನ ಕೈಯಲ್ಲಿ ಇಲ್ಲದ ಸಾಕ್ಷ್ಯವನ್ನು ಅವನು ಗಣಿಸಲಿಲ್ಲವೆಂದು ಅವನನ್ನು ಹೇಗೆ ದೂರುತ್ತೀರಿ? ಎರಡನೆಯದಾಗಿ, ನಿನ್ನ ಅಳತೆಗಳೆಲ್ಲ ಹೊಸದಾಗಿ ಸ್ವಚ್ಛ ಮಾಡಿದ ಗೋಡೆಯ ಪಾತ್ರೆಯಲ್ಲಿ ಆದವು. ಅವನವು ಹಳೆಯ ಗೋಡೆಯಲ್ಲಿ. ಗೋಡೆ ಬದಲಾದರೆ ಅಂಚು ಬದಲಾಗದೇ? ನಿನ್ನ ಪ್ಲಾಸ್ಮಾ ಅವನ ಪ್ಲಾಸ್ಮಾವೇ ಹೌದು ಎಂದು ಯಾವ ಪುಟದಲ್ಲಿ ಸಾಬೀತುಪಡಿಸಿದ್ದೀಯೆ? ಇದನ್ನು ನಾನು ಸಮಾಧಾನನ ಮುಂದಿಟ್ಟಾಗ, ಪ್ರಶ್ನೆ ನ್ಯಾಯವಾದದ್ದೇ, ಆದರೆ ಇದರಿಂದ ಭಾಗ್ಯಾಳ ಉತ್ತರ ಸ್ವಲ್ಪ ಸಡಿಲವಾದೀತೇ ಹೊರತು ತಿರುಗಿ ಬೀಳಲಾರದು ಎಂದ. ಇರಲಿ. ಸಡಿಲವಾದಷ್ಟು ಸಡಿಲವಾಗಲಿ. ಅದನ್ನು ಲೇಖನದಲ್ಲಿ ಹಾಕು.

ನೀನು ಗೆದ್ದಿರಬಹುದು, ಭಾಗ್ಯಾ. ನಾನು ಅದನ್ನು ಅಲ್ಲಗಳೆಯುತ್ತಿಲ್ಲ. ರಾಯಬಾಗದ ಸರಕಾರಿ ಶಾಲೆಯಿಂದ ಹೊರಟು ನೀನು ಅಲ್ಲಿಯವರೆಗೆ ನಡೆದ ದಾರಿ ನನಗೆ ಗೊತ್ತು. ನಿನ್ನ ಗೆಲುವನ್ನು ಕಂಡು ಕುಗ್ಗುವಷ್ಟು ಸಣ್ಣವ ನಾನಲ್ಲ. ಆದರೆ ಆ ಗೆಲುವಿನ ಕೆಳಗೆ ಭರತನ ಹೆಸರು ಏಕೆ? ಅವನ ಹೆಸರು ಉಳಿಯಲಿ ಎಂದು ನೀನು ಬರೆದಿದ್ದೀಯೆ. ಯಾವ ಭರತನ ಹೆಸರು? ನಾನು ಬೆಳೆಸಿದ ಭರತ ಆರ್ಗಾನ್ ಒಳಗೆ ಹೋಯಿತು ಎಂದವನು. ಹೊರಗೆ ಬಂತು ಎಂದು ಹೇಳುವ ಭರತನನ್ನು ನಾನು ನೋಡಿಲ್ಲ. ಅಂಥವನೊಬ್ಬನನ್ನು ನೀವು ಪ್ರಯೋಗಾಲಯದಲ್ಲಿ ಮಾಡಿ ಕಳಿಸಿದರೆ, ಅವನಿಗೆ ತಂದೆಯಾಗಿ ಸಹಿ ಹಾಕಲು ನನ್ನಿಂದಾಗದು.

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಿಪ್ಪಾಣಿಯಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ ನಡೆಯಿತು. ಯಂತ್ರಗಳು ಮನುಷ್ಯನನ್ನು ಸೋಮಾರಿಯಾಗಿಸಿವೆ ಎಂಬುದು ವಿಷಯ. ವಿರೋಧವಾಗಿ ಮಾತನಾಡಬೇಕಿದ್ದ ಕಾಗವಾಡದ ಆಬಾಸಾಹೇಬನಿಗೆ ಅಂದು ಜ್ವರ. ಪರವಾಗಿ ಮಾತನಾಡುವವನು ಅವನ ಪ್ರಾಣಸ್ನೇಹಿತ. ಅವನು ಎದ್ದು, ನನ್ನ ಗೆಳೆಯ ಬಂದಿದ್ದರೆ ಏನು ಹೇಳುತ್ತಿದ್ದನೋ ಅದನ್ನೂ ನಾನೇ ಹೇಳುತ್ತೇನೆ ಎಂದು, ಆಬಾಸಾಹೇಬನ ದನಿಯಲ್ಲಿ, ಅವನ ಮರಾಠಿ ಬೆರೆತ ಕನ್ನಡದಲ್ಲಿ, ಅವನ ವಾದವನ್ನು ಎಷ್ಟು ಚೆನ್ನಾಗಿ ಮಂಡಿಸಿದನೆಂದರೆ ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ಅದೇ ದನಿಯಲ್ಲಿ, ವಿಚಾರ ಮಾಡಿ ನೋಡಿದರೆ ನನ್ನ ಗೆಳೆಯ ಹೇಳುವುದೇ ಸರಿ ಎಂದು ಮುಗಿಸಿದ. ನಗು ನಿಲ್ಲಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಮುದಿ ಮಾಸ್ತರರು ಮಾತ್ರ ನಗದೆ ಗಂಟೆ ಬಾರಿಸಿದರು. "ಆಬಾಸಾಹೇಬಗ ಜ್ವರಾ ಬಂದೈತಿ, ಬುದ್ಧಿ ಬದಲಾಗಿಲ್ಲ. ಬದಲಾಗಿದ್ರ ಅವನs ಬಂದ ಹೇಳ್ತಾನ" ಎಂದು ಮಾತನಾಡಿದವನ ಅಂಕಗಳನ್ನು ಹೊಡೆದುಹಾಕಿದರು. ಆ ಹುಡುಗನಲ್ಲಿ ಕೆಟ್ಟತನವಿರಲಿಲ್ಲ. ಗೆಳೆಯನ ಜಾಗ ಖಾಲಿ ಉಳಿಯಬಾರದೆಂಬ ಪ್ರೀತಿಯೇ ಇತ್ತು. ನಿನ್ನಲ್ಲಿಯೂ ಅದೇ ಇದೆ ಎಂದು ನನಗೆ ಗೊತ್ತು. ಸಿಟ್ಟು ಬರುವುದು ಅದಕ್ಕೇ. ದ್ವೇಷದಿಂದ ಮಾಡಿದ್ದರೆ ನಾಲ್ಕು ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಿದ್ದೆ.

ಮನುಷ್ಯ ಸತ್ತ ಕೂಡಲೇ ಎಲ್ಲರಿಗೂ ಒಪ್ಪಿಗೆಯಾಗುವಂಥವನಾಗಿಬಿಡುತ್ತಾನೆ. ಇದನ್ನು ನಾನು ಈ ಒಂದು ವರ್ಷದಲ್ಲಿ ಕಂಡಿದ್ದೇನೆ. ಅವನು ಪೂಜೆಯ ವೇಳೆಗೆ ಎದ್ದು ಹೊರಗೆ ಹೋಗುತ್ತಿದ್ದ; ಈಗ ಎಷ್ಟು ದೈವಭಕ್ತ ಎನ್ನುತ್ತಾರೆ. ನನ್ನೊಂದಿಗೆ ವಾದಿಸದೆ ಒಂದು ಊಟ ಮುಗಿಸಿದವನಲ್ಲ. ತಂದೆಗೆ ಎದುರಾಡಿದ ಹುಡುಗನೇ ಅಲ್ಲ ಎನ್ನುತ್ತಾರೆ. ಒಬ್ಬೊಬ್ಬರು ಬಂದು ಅವನ ಒಂದೊಂದು ಮೂಲೆಯನ್ನು ಉಜ್ಜಿ ಹೋಗಿದ್ದಾರೆ. ಉಳಿದದ್ದು ಆರ್ಗಾನ್ ಒಳಗೆ ಹೋಯಿತು ಎಂಬ ಅವನ ಹಟ ಒಂದೇ. ಅದು ತಪ್ಪೇ ಇರಲಿ. ತಪ್ಪು ಅವನದು. ಅದನ್ನು ಅವನ ಕೈಯಿಂದ ತೆಗೆದುಕೊಂಡು ಆ ಜಾಗದಲ್ಲಿ ಒಂದು ಸರಿಯನ್ನು ಇಡಲು ನಾನು ನಿನಗೆ ಬಿಡುವುದಿಲ್ಲ.

ಆದ್ದರಿಂದ ಹೀಗೆ ಮಾಡು. ಭರತ ಹೇಳಿದ್ದನ್ನು, ಅವನು ಹೇಳಿದ ಹಾಗೆಯೇ, ಅವನ ಲೆಕ್ಕದ ಸಮೇತ ಅವನ ಹೆಸರಿನಲ್ಲಿ ಅಚ್ಚು ಹಾಕಿಸು. ಅದರ ಕೆಳಗೆ ನಿನ್ನ ಹೆಸರಿನಲ್ಲಿ ಅವನನ್ನು ಖಂಡಿಸು. ದಯೆ ತೋರಿಸದೆ, ಶೆಡ್ಡಿನ ಬಾಗಿಲಲ್ಲಿ ಮಾತನಾಡಿದ ಹಾಗೆ ಖಂಡಿಸು. ಪತ್ರಿಕೆಯವರು ಇದಕ್ಕೆ ಒಪ್ಪದಿದ್ದರೆ ಅವನ ಹೆಸರನ್ನು ತೆಗೆದುಬಿಡು. ಅವನು ಎಲ್ಲಿಯೂ ಅಚ್ಚಾಗದೆ ಉಳಿಯಲಿ, ನನಗೆ ಬೇಸರವಿಲ್ಲ. ನಿಮ್ಮ ಮಾರ್ಗದರ್ಶಕರು ನನಗೆ ಫೋನು ಮಾಡಿ ವಿಜ್ಞಾನದಲ್ಲಿ ವ್ಯಕ್ತಿ ಮುಖ್ಯವಲ್ಲ, ಸತ್ಯ ಮುಖ್ಯ ಎಂದು ವಿವರಿಸಬೇಕೆಂದಿದ್ದರೆ, ಅವರಿಗೆ ಆ ಶ್ರಮ ಬೇಡವೆಂದು ತಿಳಿಸು. ಸತ್ಯವೇ ಮುಖ್ಯವೆಂದಾದರೆ ಭರತ ಒಪ್ಪಲಿಲ್ಲ ಎಂಬುದೂ ಸತ್ಯವೇ.

ಈ ಪತ್ರ ನಿನ್ನನ್ನು ನೋಯಿಸುತ್ತದೆ. ನೋಯಿಸಲಿ ಎಂದು ಬರೆದದ್ದಲ್ಲ. ನೋಯಿಸಬಾರದೆಂದು ಒಂದು ಪದವನ್ನೂ ಮೆತ್ತಗೆ ಮಾಡಿಲ್ಲ. ಅವನು ತೀರಿದ ಸುದ್ದಿ ಕೇಳಿ ನೀನು ಅಷ್ಟು ದೂರದಿಂದ ಬಂದು, ಹೆಣ್ಣುಮಕ್ಕಳ ನಡುವೆ ಸೇರದೆ, ಹೊರಗೆ ವಿಶಾಲನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತಿದ್ದೆ. ಯಾರೋ ನಿನ್ನನ್ನು ಯಾರೆಂದು ಕೇಳಿದರು. ನೀನು ಉತ್ತರಿಸುವ ಮೊದಲೇ ರುಕ್ಮವ್ವ, "ನಮ್ಮ ಭರತನ ಜೋಡಿ ಜಗಳಾ ಮಾಡಾಕಿ" ಎಂದಳು. ಅದಕ್ಕಿಂತ ಹೆಚ್ಚಿನ ಪರಿಚಯವನ್ನು ನಾನೂ ಕೊಡಲಾರೆ. ಆ ಜಗಳವನ್ನು ನಿಲ್ಲಿಸಬೇಡ. ಅವನು ಸೋತ ಎಂದು ಬರೆ, ತಪ್ಪಿದ ಎಂದು ಬರೆ. ಒಪ್ಪಿದ ಎಂದು ಬರೆಯಬೇಡ.

ಈ ವಿಷಯದಲ್ಲಿ ಕದಲಲಾರದ,
ನಿನ್ನ ಕಾಕಾ
ವಿರುಪಾಕ್ಷಪ್ಪ

ಪುನಶ್ಚ, ಸೋಮವಾರ ಬೆಳಿಗ್ಗೆ.

ಲಕೋಟೆ ಅಂಟಿಸುವ ಮೊದಲು ಪತ್ರವನ್ನು ರುಕ್ಮವ್ವನಿಗೆ ಓದಿ ಹೇಳತೊಡಗಿದೆ. ಅವಳು ಮಣೂಕದ ಕಡ್ಡಿ ಬಿಡಿಸುತ್ತ ಕುಳಿತಿದ್ದಳು. "ಅವನಿದ್ದಿದ್ದರೆ ಅವನೂ ಒಪ್ಪುತ್ತಿದ್ದ" ಎಂಬ ನಿನ್ನ ವಾಕ್ಯಕ್ಕೆ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವಳು, "ಒಪ್ಪಿದ್ನಲ್ಲ" ಎಂದಳು.

ನಾನು ಕಾಗದ ಕೆಳಗಿಟ್ಟೆ. ಅವಳು ಕಡ್ಡಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಊರಿಗೆ ಬರುವ ದಿನ ಪುಣೆ ದಾಟಿದ ಮೇಲೆ ರೈಲಿನಿಂದ ಅವನು ತಾಯಿಗೆ ಫೋನು ಮಾಡಿದ್ದನಂತೆ. ಅವನ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. "ಅವ್ವಾ, ಭಾಗ್ಯಾ ಹೇಳಿದ್ದ ಖರೇ ಐತಿ. ಗ್ಯಾಸ ಬಿಡೂ ನಳಿಗಿ ಆಚಿ ಬಾಜೂಕ ಐತಿ, ನಾ ಈಚಿ ಬಾಜೂದು ಅಳದು ಎರಡೂ ಒಂದs ಅಂತ ಹಿಡದೀನಿ. ರೈಲಿನ್ಯಾಗ ಕುಂತ ಹೊಳೀತು. ಆಕಿಗೆ ಇನ್ನೂ ಹೇಳಿಲ್ಲ, ಭಾಳ ಹಿಗ್ಗತಾಳ, ಎರಡ ದಿನ ತಡೀತೀನಿ. ಅಪ್ಪಗ ನೀ ಹೇಳಬ್ಯಾಡ. ಮೊದಲ ಅಪ್ಪನ್ನ ನನ್ನ ಪರವಾಗಿ ಮಾತಾಡಾಕ ಹಚ್ಚತೀನಿ. ಅವರು ಪೂರಾ ಮಾತಾಡಿ ಮುಗಸಲಿ. ಆಮ್ಯಾಲ ನಾ ಎದ್ದ ನಿಂತು ನನ್ನ ವಿರುದ್ಧ ಮಾತಾಡತೀನಿ. ಅವರ ಮಾರಿ ನೋಡಬೇಕವ್ವಾ." ಹೇಳಿ ನಕ್ಕನಂತೆ. ತನಗೇನು ತಿಳಿಯಬೇಕು, ಹೂಂ ಅಂದೆ ಎಂದಳು.

ನಳಿಗೆಯ ಮಾತಿರುವ ಪುಟಕ್ಕೆ ನಾನು ಇನ್ನೂ ಬಂದಿರಲಿಲ್ಲ. ನಿನ್ನ ಲೇಖನದ ಬಗ್ಗೆ ಅವಳಿಗೆ ಈ ಮೊದಲು ಒಂದಕ್ಷರವನ್ನೂ ಹೇಳಿರಲಿಲ್ಲ.

ಒಂದು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಿದೆ. "ಅವಾ ಬಂದ ಹೇಳ್ತೀನಿ ಅಂದಿದ್ದ. ಬರಲಿಲ್ಲ. ನಾ ಯಾಕ ಹೇಳ್ಲಿ?" ಎಂದಳು. ಈ ಮನೆಯಲ್ಲಿ ಎಂದೂ ವಾದಕ್ಕೆ ನಿಲ್ಲದವಳು ಅವಳು. ನಾನು ಲಕೋಟೆಯಿಂದ ಒಪ್ಪಿಗೆಯ ಹಾಳೆಯನ್ನು ಹೊರಗೆ ತೆಗೆದೆ.

ಮೇಲಿನ ಒಂದು ಸಾಲನ್ನೂ ನಾನು ಹೊಡೆದುಹಾಕಿಲ್ಲ. ಅವನ ಪರವಾಗಿ ಪೂರ್ತಿ ಮಾತನಾಡಬೇಕೆಂದು ಅವನೇ ಬಯಸಿದ್ದ, ಮಾತನಾಡಿದ್ದೇನೆ. ಒಪ್ಪಿಗೆಯ ಹಾಳೆಗೆ ಇಂದು ಸಹಿ ಹಾಕಿದ್ದೇನೆ, ಒಂದು ಷರತ್ತಿನ ಮೇಲೆ. ಎರಡನೆಯ ಕಿಟಕಿ ತೆರೆಯುವುದಕ್ಕೆ ಎಂಟು ತಿಂಗಳ ಮೊದಲು, ಆ ಕಿಟಕಿಯಿಲ್ಲದೆಯೇ, ಮೊದಲ ಲೇಖಕ ತನ್ನ ತಪ್ಪನ್ನು ತಾನೇ ಕಂಡುಕೊಂಡಿದ್ದನೆಂದು ನಾಲ್ಕನೆಯ ಪುಟದಲ್ಲಿ ಬರೆ. ತಾಯಿಗೆ ಬಂದ ಫೋನು ಸಾಕ್ಷಿಯಾಗಲಾರದು ಎಂದು ಯಾರಾದರೂ ಅಂದರೆ ಅವರ ವಿಳಾಸ ಕಳಿಸು. ದ್ರಾಕ್ಷಿ ಕಟಾವು ಮುಗಿದ ಕೂಡಲೇ ಹೊರಟು ಬರುತ್ತೇನೆ.

ನಿನಗೆ ಎರಡು ದಿನ ತಡೆದು ಹೇಳಬೇಕೆಂದಿದ್ದ. ತಡವಾಯಿತು. "ಭಾಗ್ಯಾ ಹೇಳಿದ್ದ ಖರೇ ಐತಿ." ಇದನ್ನು ಅವನ ಪರವಾಗಿ ನಾನು ಹೇಳುತ್ತಿಲ್ಲ, ಅವನೇ ಹೇಳಿದ್ದು.